ಅಂಗೈ ಜೋಮಿಗೆ ದುಡ್ಡು ಎಲ್ಲಿ ಹಾಕಬೇಕು: ಗ್ಲೌಸ್, ಬಾರ್ ಟೇಪ್, ಟೈರ್, ಸ್ಟೆಮ್

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಮುಟ್ಟುವ ಹೊತ್ತಿಗೆ ಸುಮಾರು 30 ಕಿ.ಮೀ. ಆಗುತ್ತದೆ. ರೋಡ್ ಸೈಕಲ್ ಹೊಸದಾಗಿ ಕೊಂಡವರಿಗೆ ಕಿರುಬೆರಳು ಜೋಮು ಹಿಡಿಯಲು ಶುರುವಾಗುವುದೂ ಹೆಚ್ಚುಕಮ್ಮಿ ಅಲ್ಲೇ. ಕೈ ಕೊಡವುತ್ತಾ ಮನೆ ಸೇರಿದವರು ಮೊದಲು ಮಾಡುವ ಕೆಲಸ ಫೋನಿನಲ್ಲಿ ಜೆಲ್ ಗ್ಲೌಸ್ ಹುಡುಕುವುದು. ಅದು ಸಾಲದಿದ್ದರೆ ಹ್ಯಾಂಡಲಿಗೆ ಸುತ್ತುವ ದಪ್ಪ ಪಟ್ಟಿ, ಅಂದರೆ ಬಾರ್ ಟೇಪ್, ಅದೂ ಸಾಲದಿದ್ದರೆ ಸಸ್ಪೆನ್ಷನ್ ಇರುವ ಸ್ಟೆಮ್ (ಹ್ಯಾಂಡಲನ್ನು ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಜೋಡಿಸುವ ತುಂಡು). ಆ ಸಾಮಾನುಗಳನ್ನೆಲ್ಲ ಇಲ್ಲಿ ಒಂದೊಂದಾಗಿ ತೂಗಿ ನೋಡಿದ್ದೇವೆ. ತೂಗಿದ್ದು ನಮ್ಮ ಕಡೆಯ ರಸ್ತೆ, ನಮ್ಮ ಕಡೆಯ ಮಳೆಯ ಲೆಕ್ಕದಲ್ಲಿ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮೊದಲ ಖರ್ಚು ಸೊನ್ನೆ ರೂಪಾಯಿ. ಎರಡನೆಯದು ಟೈರ್, ಮೂರನೆಯದು ಗ್ಲೌಸ್. ಬಾರ್ ಟೇಪ್ ಆಮೇಲೆ. ಸಸ್ಪೆನ್ಷನ್ ಸ್ಟೆಮ್ ಕೆಲವರಿಗಷ್ಟೇ. ಬಹಳ ಜನ ಈ ಸಾಲನ್ನು ತಲೆಕೆಳಗು ಮಾಡುತ್ತಾರೆ. ಕೈ ಮೇಲೆ ಬೀಳುವ ಭಾರ ಇಳಿಸುವುದು ಬಿಟ್ಟು, ಭಾರದ ಕೆಳಗೆ ಮೆತ್ತೆ ಹಾಸುತ್ತಾ ಹೋಗುತ್ತಾರೆ.

ಯಾವ ಬೆರಳು?

ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಜೋಮು ಹಿಡಿದರೆ ಒತ್ತಡ ಬಿದ್ದಿರುವುದು ಅಲ್ನಾರ್ ನರದ ಮೇಲೆ. ಮಣಿಕಟ್ಟಿನ ಗೆರೆಯಲ್ಲಿ, ಕಿರುಬೆರಳಿನ ಕಡೆಯ ತುದಿಯನ್ನು ಒತ್ತಿ ನೋಡಿ; ಬಟಾಣಿ ಕಾಳಿನಂಥ ಮೂಳೆ ಸಿಗುತ್ತದೆ. ಅದು ಪಿಸಿಫಾರ್ಮ್. ಅಲ್ಲಿಂದ ತೋರುಬೆರಳಿನ ಬುಡದ ದಿಕ್ಕಿಗೆ ಒಂದೆರಡು ಸೆಂಟಿಮೀಟರ್ ಒತ್ತಿಕೊಂಡು ಹೋದರೆ ಆಳದಲ್ಲಿ ಇನ್ನೊಂದು ಗಡುಸು ಮೊನೆ, ಹಮೇಟ್ ಮೂಳೆಯ ಕೊಕ್ಕೆ. ಇವೆರಡರ ನಡುವಿನ ಓಣಿಗೆ ಗಯಾನ್ ಕಾಲುವೆ ಎಂದು ಹೆಸರು. ನರ ಹೋಗುವುದು ಅದರೊಳಗೆ, ಅದರ ಮೇಲೆ ದಪ್ಪ ಮಾಂಸದ ಹೊದಿಕೆ ಇಲ್ಲ. ಬ್ರೇಕ್ ಲಿವರಿನ ರಬ್ಬರ್ ಹಿಡಿ, ಅಂದರೆ ಹುಡ್, ಹಿಡಿದಾಗ ಅಂಗೈ ಬುಡ ಊರುವುದು ಸರಿಯಾಗಿ ಈ ಜಾಗದಲ್ಲೇ. ವೈದ್ಯರು ಇದಕ್ಕೆ 'ಹ್ಯಾಂಡಲ್‌ಬಾರ್ ಪಾಲ್ಸಿ' ಎಂದೇ ಹೆಸರಿಟ್ಟಿದ್ದಾರೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದರೆ ಅದು ಬೇರೆ ನರ. ಮೀಡಿಯನ್ ನರ ಮಣಿಕಟ್ಟಿನ ನಟ್ಟನಡುವೆ ಕಾರ್ಪಲ್ ಟನಲ್ ಮೂಲಕ ಹಾಯುತ್ತದೆ. ಮಣಿಕಟ್ಟು ಹಿಂದಕ್ಕೆ ಮಡಚಿದಷ್ಟೂ ಆ ಸುರಂಗದೊಳಗೆ ಒತ್ತಡ ಏರುತ್ತದೆ. ಇಂಥವರಿಗೆ ಮೆತ್ತೆಯಿಂದ ಹೆಚ್ಚು ಉಪಯೋಗವಿಲ್ಲ, ಮಣಿಕಟ್ಟು ನೇರವಾಗಬೇಕು. ಜೋಮಿಲ್ಲದೆ ಹೆಬ್ಬೆರಳಿನ ಬುಡದಲ್ಲಿ ಮಾತ್ರ ನೋವಿದ್ದರೆ ನರ ಬಿಟ್ಟು ಸ್ನಾಯುರಜ್ಜು ನೋಡಬೇಕು: ದೂರದ ಗೇರ್ ಲಿವರ್, ಅತಿ ಬಿಗಿ ಹಿಡಿತ. ಮೆಟ್ಟುಗತ್ತಿ ಮುಂದೆ ಕೂತು ದಿನವಿಡೀ ಅಡಿಕೆ ಸುಲಿದವರನ್ನು ಕೇಳಿದರೆ ಇದರ ರುಚಿ ಅವರೂ ಹೇಳುತ್ತಾರೆ.

ಎರಡು ಕೈಯಲ್ಲಿ ಒಂದೇ ಕೈ ಜೋಮು ಹಿಡಿದರೆ ಸೀಟು ಒಂದು ಕಡೆ ತಿರುಗಿದೆಯೇ, ಎರಡೂ ಲಿವರ್ ಒಂದೇ ಎತ್ತರದಲ್ಲಿವೆಯೇ ಎಂದು ಮೊದಲು ನೋಡಿ. ಸೈಕಲ್ ಮುಂದೆ ನಿಂತು, ಉದ್ದನೆಯ ಸ್ಕೇಲನ್ನು ಎರಡೂ ಹುಡ್‌ಗಳ ಮೇಲೆ ಅಡ್ಡ ಇಟ್ಟರೆ ಗೊತ್ತಾಗುತ್ತದೆ.

ಕಾಸಿಲ್ಲದ ಸಾಮಾನು: ಅಲೆನ್ ಕೀ ಮತ್ತು ಅರ್ಧ ಗಂಟೆ

ಹ್ಯಾಂಡಲ್‌ಗೆ ಕೈ ಹಾಕುವ ಮೊದಲು ಸೀಟು. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಇಡೀ ಹೊತ್ತು ಮುಂದಕ್ಕೆ ಜಾರುತ್ತಿರುತ್ತದೆ, ಅದನ್ನು ತಡೆದು ನಿಲ್ಲಿಸುವ ಕೂಲಿ ಅಂಗೈಗೆ. ಸೀಟು ಒತ್ತುತ್ತದೆ ಎಂದು ಮೂತಿ ಇಳಿಸಿಕೊಂಡವರಿಗೆ ಒಂದು ನೋವು ಕೊಟ್ಟು ಇನ್ನೊಂದು ಕೊಂಡಂತಾಗುತ್ತದೆ. ಸೈಕಲನ್ನು ಸಪಾಟು ನೆಲದ ಮೇಲೆ ನಿಲ್ಲಿಸಿ, ಸೀಟಿನುದ್ದಕ್ಕೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು, ಅದರ ಮೇಲೆ ಫೋನಿನ ಲೆವೆಲ್ ಆ್ಯಪ್ ಇಡಿ. ಸೊನ್ನೆಯಿಂದ 2 ಡಿಗ್ರಿಯೊಳಗೆ ಇರಬೇಕು. ಅದಕ್ಕಿಂತ ಕೆಳಗೆ ಬಾಗಿದ್ದರೆ ಬೇರೇನನ್ನೂ ಮುಟ್ಟದೆ ಅದನ್ನಷ್ಟೇ ಸರಿಮಾಡಿ ಎರಡು ಸವಾರಿ ಹೋಗಿಬನ್ನಿ.

ಮುಂದಿನದು ಸೀಟಿನ ಹಿಂದು ಮುಂದು. ಸೀಟು ತೀರಾ ಮುಂದಿದ್ದರೆ ಮೈಭಾರ ಪೆಡಲಿನ ಮೇಲೆ ನಿಲ್ಲದೆ ಕೈಗೆ ಬರುತ್ತದೆ. ವಾಹನ ಸಂಚಾರವಿಲ್ಲದ ಸಪಾಟು ರಸ್ತೆಯಲ್ಲಿ, ಹುಡ್ ಹಿಡಿದು ಮಾಮೂಲಿ ಜೋರಿನಲ್ಲಿ ತುಳಿಯುತ್ತಾ, ಎರಡೂ ಅಂಗೈಯನ್ನು ರಬ್ಬರಿನಿಂದ ಒಂದು ಕೂದಲೆಳೆಯಷ್ಟು ಎತ್ತಿ ಒಂದು ಕ್ಷಣ ಹಾಗೇ ಬಿಡಿ. ಮೈ ಇದ್ದಲ್ಲೇ ನಿಂತರೆ ಸರಿ. ಮುಂದಕ್ಕೆ ಮುಗ್ಗರಿಸಿದರೆ ಸೀಟನ್ನು 5 ಮಿ.ಮೀ. ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಹಿಂದಕ್ಕೆ ಸರಿದಾಗ ಕಾಲಿಗೆ ದೂರ ಹೆಚ್ಚುತ್ತದೆ, ಆದ್ದರಿಂದ ಪ್ರತಿ 5 ಮಿ.ಮೀ.ಗೆ ಸೀಟನ್ನು ಒಂದೆರಡು ಮಿ.ಮೀ. ಇಳಿಸಬೇಕು. ಒಟ್ಟು 10 ಮಿ.ಮೀ. ಸರಿಸಿದರೂ ಮುಗ್ಗರಿಸುವುದು ನಿಲ್ಲದಿದ್ದರೆ ಹ್ಯಾಂಡಲ್ ದೂರವಿದೆ ಅಥವಾ ತಗ್ಗಿದೆ.

ತಗ್ಗಿದ್ದರೆ ಹೊಸ ಸ್ಟೆಮ್ ಕೊಳ್ಳುವ ಮೊದಲು ಇರುವುದನ್ನೇ ಮಗುಚಿ ಹಾಕಬಹುದು. ಸಾಮಾನ್ಯ ರೋಡ್ ಸೈಕಲಿನ ಸ್ಟೆಮ್ 6 ಡಿಗ್ರಿಯದು, ಅಂಗಡಿಯಿಂದ ಬರುವಾಗ ಕೆಳಮುಖವಾಗಿ ಹಾಕಿರುತ್ತಾರೆ. 73 ಡಿಗ್ರಿಯ ಹೆಡ್ ಟ್ಯೂಬ್ (ಫೋರ್ಕಿನ ಕೊಳವೆ ಹಾಯುವ, ಫ್ರೇಮಿನ ಮುಂದಿನ ಕೊಳವೆ) ಮೇಲೆ 100 ಮಿ.ಮೀ. ಸ್ಟೆಮ್ ಮಗುಚಿದರೆ ಹ್ಯಾಂಡಲ್ ಸುಮಾರು 20 ಮಿ.ಮೀ. ಮೇಲೇರುತ್ತದೆ, ತುಸು ಹತ್ತಿರಕ್ಕೂ ಬರುತ್ತದೆ. ಕೆಲಸದ ಕ್ರಮ ಮುಖ್ಯ. ಮುಂದಿನ ನಾಲ್ಕು ಬೋಲ್ಟ್ ಬಿಚ್ಚಿ ಹ್ಯಾಂಡಲ್ ಇಳಿಬಿಡಿ, ಮೇಲಿನ ಟಾಪ್ ಕ್ಯಾಪ್ ತೆಗೆಯಿರಿ, ಪಕ್ಕದ ಎರಡು ಬೋಲ್ಟ್ ಸಡಿಲಿಸಿ ಸ್ಟೆಮ್ ಎತ್ತಿ, ಮಗುಚಿ ಕೂರಿಸಿ. ಕೆಳಗಿದ್ದ ಸ್ಪೇಸರ್ ಉಂಗುರಗಳನ್ನು ಮರೆಯಬೇಡಿ. ಕೂರಿಸಿದ ಮೇಲೆ ಫೋರ್ಕಿನ ಕೊಳವೆ ಸ್ಟೆಮ್ ಅಂಚಿಗಿಂತ 2–3 ಮಿ.ಮೀ. ಕೆಳಗಿರಬೇಕು, ಇಲ್ಲದಿದ್ದರೆ ಟಾಪ್ ಕ್ಯಾಪ್ ಏನನ್ನೂ ಒತ್ತುವುದಿಲ್ಲ. ಮೊದಲು ಟಾಪ್ ಕ್ಯಾಪನ್ನು ಹಗುರಾಗಿ ಬಿಗಿದು, ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಎನ್ನಬಾರದು, ಹ್ಯಾಂಡಲ್ ಸಲೀಸಾಗಿ ತಿರುಗಬೇಕು. ಆಮೇಲೆಯೇ ಪಕ್ಕದ ಬೋಲ್ಟ್‌ಗಳು, ಒಂದಾದ ಮೇಲೆ ಒಂದು, ಸ್ವಲ್ಪ ಸ್ವಲ್ಪವಾಗಿ. ಎಷ್ಟು ಬಿಗಿಯಬೇಕು ಎಂದು ಸ್ಟೆಮ್ ಮೇಲೇ ಅಚ್ಚಾಗಿರುತ್ತದೆ, ಹೆಚ್ಚಿನವಕ್ಕೆ 5 ನ್ಯೂಟನ್ ಮೀಟರ್. ಕಾರ್ಬನ್ ಫೋರ್ಕ್ ಇದ್ದರೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕೊನೆಗೆ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ, ಕೇಬಲ್ ಎಲ್ಲಾದರೂ ಎಳೆದು ನಿಂತರೆ ಎತ್ತರ ಜಾಸ್ತಿಯಾಯಿತು ಎಂದರ್ಥ.

ಇನ್ನು ಹುಡ್. ಇದಕ್ಕೊಂದು ದೇವರಮನೆಯ ಪರೀಕ್ಷೆ ಇದೆ. ಒಣ ಅಂಗೈಗೆ ತೆಳ್ಳಗೆ ವಿಭೂತಿ ಸವರಿಕೊಂಡು, ಗೋಡೆಗೆ ಒರಗಿಸಿದ ಸೈಕಲ್ ಮೇಲೆ ಕೂತು, ಎಂದಿನಂತೆ ಹುಡ್ ಹಿಡಿದು ಒಂದು ನಿಮಿಷ ಭಾರ ಬಿಡಿ. ಕೈ ತೆಗೆದರೆ ಕಪ್ಪು ರಬ್ಬರಿನ ಮೇಲೆ ಅಂಗೈಯ ನಕ್ಷೆ ಮೂಡಿರುತ್ತದೆ. ಹೆಬ್ಬೆರಳು ಸಂದಿನಿಂದ ಅಂಗೈ ಬುಡದವರೆಗೆ ಅಗಲವಾಗಿ, ತೆಳುವಾಗಿ ಹರಡಿದ್ದರೆ ಭಾರ ಹಂಚಿಕೆಯಾಗಿದೆ. ಹುಡ್ ಮುಗಿದು ಟೇಪ್ ಶುರುವಾಗುವ ಅಂಚಿನಲ್ಲಿ ಮಾತ್ರ ರೂಪಾಯಿ ಬಿಲ್ಲೆಯಷ್ಟು ದಟ್ಟ ಬಿಳಿ ಇದ್ದರೆ ಆ ಅಂಚೇ ನರದ ಮೇಲೆ ಕೂತಿದೆ. ಹ್ಯಾಂಡಲ್ ಬಾಗು ಕೆಳಕ್ಕಿಳಿದು ಹುಡ್ ಮೇಲಕ್ಕೆ ಏರುವ ಕಡೆ ಹಳ್ಳ ಬಿದ್ದರೆ ಹೀಗಾಗುತ್ತದೆ. ಸ್ಟೆಮ್ಮಿನ ಮುಂದಿನ ಬೋಲ್ಟ್ ಸಡಿಲಿಸಿ ಹ್ಯಾಂಡಲನ್ನು ಒಂದೆರಡು ಡಿಗ್ರಿ ತಿರುಗಿಸಿ ನೋಡಿ. ಅದರಿಂದ ಆಗದಿದ್ದರೆ ರಬ್ಬರ್ ಮಡಚಿ ಲಿವರಿನ ಪಟ್ಟಿಯ ಬೋಲ್ಟ್ ಸಡಿಲಿಸಿ ಲಿವರನ್ನೇ ಸರಿಸಬೇಕು. ಶಿಮಾನೊ ಲಿವರ್‌ಗಳಿಗೆ 5 ಮಿ.ಮೀ. ಅಲೆನ್ ಕೀ, ಬಿಗಿತ 6ರಿಂದ 8 ನ್ಯೂಟನ್ ಮೀಟರ್. ಮೊಣಕೈಯಿಂದ ಬೆರಳ ಗೆಣ್ಣಿನವರೆಗೆ ಪಕ್ಕದಿಂದ ನೋಡಿದಾಗ ಒಂದೇ ಗೆರೆ ಕಾಣಬೇಕು. ಹುಡ್‌ಗಳನ್ನು ತುಸು ಒಳಮುಖವಾಗಿ ತಿರುಗಿಸಿದರೆ ಮಣಿಕಟ್ಟು ಹೊರಕ್ಕೆ ವಾಲುವುದೂ ತಪ್ಪುತ್ತದೆ.

ಲಿವರ್ ದೂರದ ವಿಚಾರ ಆಗುಂಬೆ ಘಾಟಿ ಇಳಿಯುವವರಿಗೆ. ಸೋಮೇಶ್ವರದ ಕಡೆಗೆ 14 ಹೇರ್‌ಪಿನ್ ತಿರುವು, ಪ್ರತಿಯೊಂದಕ್ಕೂ ಬ್ರೇಕ್. ಮಳೆಯಲ್ಲಿ ರಿಮ್ ಬ್ರೇಕ್ ಕಚ್ಚಲು ಹೊತ್ತು ಬೇಕು, ಅಷ್ಟರಲ್ಲಿ ಕೈ ಇನ್ನೂ ಜೋರಾಗಿ ಹಿಂಡುತ್ತದೆ. ಬೆರಳಿನ ತುದಿ ಮಾತ್ರ ಲಿವರ್ ಮುಟ್ಟುತ್ತಿದ್ದರೆ ಅರ್ಧ ಘಾಟಿಯಲ್ಲೇ ಮುಂಗೈ ಕಲ್ಲಾಗುತ್ತದೆ. ಲಿವರಿನಲ್ಲಿರುವ ರೀಚ್ ಸ್ಕ್ರೂ ತಿರುಗಿಸಿ, ಕೆಳಬಾಗು (ಹ್ಯಾಂಡಲ್ ಕೆಳಕ್ಕೆ ಬಾಗಿದ ಭಾಗ) ಹಿಡಿದಾಗ ತೋರುಬೆರಳು ಮತ್ತು ನಡುಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಬರುವಂತೆ ಹತ್ತಿರ ತನ್ನಿ. ಹತ್ತಿರ ತಂದ ಮೇಲೆ ಲಿವರ್ ಹ್ಯಾಂಡಲಿಗೆ ತಾಗುವ ಮೊದಲೇ ಬ್ರೇಕ್ ಪೂರ್ತಿ ಹಿಡಿಯುತ್ತದೆಯೇ ಎಂದು ನೋಡಲೇಬೇಕು. ಇಳಿಯುವಾಗ ಹುಡ್ ಬಿಟ್ಟು ಕೆಳಬಾಗು ಹಿಡಿದರೆ ಎರಡು ಬೆರಳಿನ ಬಲ ಸಾಕು.

ಸವಾರಿಯ ರೂಢಿಯೂ ಇದೇ ಬಿಟ್ಟಿ ಪಟ್ಟಿಗೆ ಸೇರಬೇಕು. ಮೊಣಕೈ ನೇರ ಸೆಟೆದಿದ್ದರೆ ರಸ್ತೆಯ ಪ್ರತಿ ಪೆಟ್ಟೂ ಮಣಿಕಟ್ಟಿಗೆ. ತುಸು ಮಡಚಿದ್ದರೆ ಮೊಣಕೈಯೇ ಸ್ಪ್ರಿಂಗು. ಎರಡು ಮೂರು ಕಿಲೋಮೀಟರ್ ಕಲ್ಲಿಗೊಮ್ಮೆ ಹಿಡಿತ ಬದಲಿಸಿ: ಹುಡ್, ಮೇಲಿನ ಅಡ್ಡಬಾರ್, ಕೆಳಬಾಗು. ಜೋಮು ಬಂದ ಮೇಲೆ ಬದಲಿಸುವುದಲ್ಲ.

ಟೈರ್: ಹೆಚ್ಚು ಅಂಕ ಇದಕ್ಕೇ

ಕೈನೋವಿಗೆ ಟೈರ್ ಕೊಳ್ಳಿ ಎಂದರೆ ನಗುವವರಿದ್ದಾರೆ. ಆದರೆ ಡಾಂಬರ್ ಕಿತ್ತು ಜಲ್ಲಿ ಎದ್ದ ರಸ್ತೆಯ ನಡುಕ ಅಂಗೈಗೆ ತಲುಪುವ ಮೊದಲು ಸಿಗುವ ಮೊದಲ ಮೆತ್ತೆ ಟೈರಿನೊಳಗಿನ ಗಾಳಿ. ಗ್ಲೌಸಿನ 3 ಮಿ.ಮೀ. ಜೆಲ್ ಎಲ್ಲಿ, 32 ಮಿ.ಮೀ. ಗಾಳಿ ಎಲ್ಲಿ?

25 ಮಿ.ಮೀ. ಟೈರಿಗೆ 'ಕಲ್ಲಿನ ಹಾಗೆ' 110 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿಕೊಂಡು ಹೊರಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಗಟ್ಟಿ ಇದ್ದರೆ ವೇಗ ಎಂಬ ನಂಬಿಕೆ. ಒರಟು ರಸ್ತೆಯಲ್ಲಿ ಗಟ್ಟಿ ಟೈರು ಸೈಕಲನ್ನು ಮೇಲಕ್ಕೆ ಎಸೆಯುತ್ತದೆ, ಮುಂದಕ್ಕಲ್ಲ. ಸುಮಾರು 70 ಕೆ.ಜಿ. ತೂಕದ ಸವಾರ, 10 ಕೆ.ಜಿ. ಸೈಕಲ್, ಒಳಗೆ ಟ್ಯೂಬ್ ಎಂದಿಟ್ಟುಕೊಂಡರೆ ಶುರುಮಾಡಲು ಈ ಲೆಕ್ಕ ಸಾಕು: 25 ಮಿ.ಮೀ.ಗೆ ಮುಂದೆ 80, ಹಿಂದೆ 85. 28ಕ್ಕೆ ಮುಂದೆ 65, ಹಿಂದೆ 70. 32ಕ್ಕೆ ಮುಂದೆ 50, ಹಿಂದೆ 55. ತೂಕ 10 ಕೆ.ಜಿ. ಹೆಚ್ಚಿದರೆ ನಾಲ್ಕೈದು ಪಿಎಸ್‌ಐ ಏರಿಸಿ. ಇನ್ನೂ ಇಳಿಸುವ ಆಸೆ ಬಂದರೆ ಗುಂಡಿಯ ಅಂಚು ನೆನಪಿರಲಿ. ರಿಮ್ ಮತ್ತು ಗುಂಡಿಯ ಅಂಚಿನ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ. ಹುಕ್‌ಲೆಸ್ ರಿಮ್ (ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು) ಇದ್ದರೆ 72.5 ಪಿಎಸ್‌ಐ ದಾಟುವಂತೆಯೇ ಇಲ್ಲ, ಅದಕ್ಕೆ ಒಪ್ಪುವ ಟೈರೇ ಬೇಕು.

ಪೆಟ್ರೋಲ್ ಬಂಕಿನ ಗಾಳಿ ಇದಕ್ಕೆ ಆಗುವುದಿಲ್ಲ. ರೋಡ್ ಸೈಕಲಿನ ಸಪೂರ ಪ್ರೆಸ್ಟಾ ವಾಲ್ವಿಗೆ ಅಡಾಪ್ಟರ್ ಬೇಕು, ಮೇಲಾಗಿ ಅಲ್ಲಿಯ ಮೀಟರ್ ನಂಬಿ ನಾಲ್ಕೈದು ಪಿಎಸ್‌ಐ ಸೂಕ್ಷ್ಮ ಹಿಡಿಯಲಾಗದು. ಮೀಟರ್ ಇರುವ ನಿಲುವು ಪಂಪು ಮನೆಯಲ್ಲಿರಲಿ.

ಅಗಲದ ಟೈರ್ ಎಲ್ಲ ಸೈಕಲಿಗೂ ಹಿಡಿಸುವುದಿಲ್ಲ. ಹಳೆಯ ರಿಮ್ ಬ್ರೇಕ್ ಸೈಕಲುಗಳಲ್ಲಿ 28 ಹೋದರೆ ಅದೇ ಹೆಚ್ಚು. ಡಿಸ್ಕ್ ಬ್ರೇಕಿನ ಎಂಡ್ಯೂರೆನ್ಸ್ (ದೂರದ ಸವಾರಿಯ) ಸೈಕಲುಗಳಲ್ಲಿ 32 ಸಲೀಸು. ಟೈರಿಗೂ ಫೋರ್ಕಿಗೂ ನಡುವೆ ಎಲ್ಲ ಕಡೆ 4 ಮಿ.ಮೀ. ಸಂದು ಬಿಡಬೇಕೆಂಬುದು ಸಾಮಾನ್ಯ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಮ್ಮಣ್ಣು, ತೊಗಟೆ ಚೂರು, ಕೊಳೆತ ಎಲೆ ಎಲ್ಲ ಮೆತ್ತಿಕೊಳ್ಳುವ ನಮ್ಮ ರಸ್ತೆಗೆ 6 ಇದ್ದರೆ ನೆಮ್ಮದಿ. ಹೊಸ ಟೈರ್ ಆರಿಸುವಾಗ ಪಂಕ್ಚರ್ ತಡೆ ಎಂದು ತೀರಾ ಗಡುಸು ಗೋಡೆಯದನ್ನು ತಂದರೆ ಅಗಲದ ಲಾಭ ಅರ್ಧ ಹೋಗುತ್ತದೆ. ಟೈರನ್ನು ಬೆರಳಲ್ಲಿ ಹಿಂಡಿ ನೋಡಿ, ಬಟ್ಟೆಯಂತೆ ಮಡಚಬೇಕು. ಎರಡು ಟೈರಿಗೂ ದುಡ್ಡಿಲ್ಲದಿದ್ದರೆ ಮುಂದಿನದೊಂದನ್ನೇ ಬದಲಿಸಿ, ಕೈಗೆ ಬೇಕಾದ್ದು ಅದೇ.

ಗ್ಲೌಸ್: ಎಲ್ಲಿ ಮೆತ್ತೆ ಇದೆ, ಎಷ್ಟಿದೆ ಅನ್ನುವುದಕ್ಕಿಂತ ಮುಖ್ಯ

ದುರ್ಗಿಗುಡಿಯ ಅಂಗಡಿ ಸಾಲಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಸಿಗುವ ಅಗ್ಗದ ಜೆಲ್ ಗ್ಲೌಸ್‌ಗಳಲ್ಲಿ ಬಹುಪಾಲಿನ ಮೆತ್ತೆ ಅಂಗೈಯ ನಡುವೆ ಅಥವಾ ಬೆರಳಿನ ಬುಡದಲ್ಲಿ ಉಬ್ಬಿರುತ್ತದೆ. ನೋಡಲು ಭರ್ಜರಿ. ಆದರೆ ಹುಡ್ ಹಿಡಿದಾಗ ಭಾರ ಬೀಳುವುದು ಅಲ್ಲಲ್ಲ. ಅಂಗೈ ಬುಡದಲ್ಲಿ, ಕಿರುಬೆರಳಿನ ಕಡೆಗೆ ಮೆತ್ತೆ ಇರಬೇಕು, ಮತ್ತು ಆ ಮೆತ್ತೆ ಒಂದೇ ಉಂಡೆಯಾಗಿರದೆ ನಡುವೆ ಒಂದು ಕಾಲುವೆ ಬಿಟ್ಟಿರಬೇಕು. ಮೇಲೆ ಹೇಳಿದ ಬಟಾಣಿ ಮೂಳೆಯನ್ನು ಗ್ಲೌಸ್ ಹಾಕಿಕೊಂಡೇ ತಡವಿ ಹುಡುಕಿ. ಅದರ ಆಚೆ ಈಚೆ ಮೆತ್ತೆ, ನಡುವಿನ ಓಣಿ ಖಾಲಿ ಇದ್ದರೆ ಒಳ್ಳೆಯ ಗ್ಲೌಸು. ಸ್ಪೆಷಲೈಸ್ಡ್ ಕಂಪನಿಯ ಬಾಡಿ ಜಾಮೆಟ್ರಿ ಸಾಲಿನವು ಅಲ್ನಾರ್ ನರದ ಒತ್ತಡ ತಪ್ಪಿಸುವ ಲೆಕ್ಕದಲ್ಲೇ ಮೆತ್ತೆ ಕೂರಿಸಿದವು. ಎಲ್ಲಕ್ಕಿಂತ ಕೆಟ್ಟದ್ದು ಮೆತ್ತೆಯ ಅಂಚು ಅಥವಾ ಹೊಲಿಗೆ ಸರಿಯಾಗಿ ಆ ಓಣಿಯ ಮೇಲೆ ಬರುವುದು. ಅಂಥದ್ದಕ್ಕಿಂತ ಬರಿಗೈ ವಾಸಿ.

ಅಂಗಡಿಯಲ್ಲಿ ಸೈಕಲ್ ಇಲ್ಲದಿದ್ದರೆ ಕೊಡೆಯ ಹಿಡಿ ಹಿಡಿದು ನೋಡಿ, ಮಳೆಗಾಲದಲ್ಲಿ ಕೊಡೆಗೇನು ಬರವಿಲ್ಲ. ಹಿಡಿದಾಗ ಅಂಗೈ ಬಟ್ಟೆ ಮಡಿಕೆ ಬಿದ್ದರೆ ದೊಡ್ಡದಾಯಿತು. ಆ ಮಡಿಕೆ ಮೂವತ್ತು ಕಿಲೋಮೀಟರಿನಲ್ಲಿ ಹಗ್ಗದಂತೆ ಒತ್ತುತ್ತದೆ. ಬೆರಳಸಂದು ಎಳೆದರೆ ಚಿಕ್ಕದು. ಅಳತೆಗೆ ಹೆಬ್ಬೆರಳು ಬಿಟ್ಟು, ಗೆಣ್ಣುಗಳ ಸುತ್ತ ಟೇಪ್ ಹಿಡಿದು ಸೆಂಟಿಮೀಟರಿನಲ್ಲಿ ಬರೆದುಕೊಂಡು ಆಯಾ ಕಂಪನಿಯ ಪಟ್ಟಿಗೆ ಹೋಲಿಸಬೇಕು. ಒಂದರ ಎಂ ಇನ್ನೊಂದರ ಎಲ್ ಆಗುವುದುಂಟು. ಮಣಿಕಟ್ಟಿನ ವೆಲ್ಕ್ರೊ ಪಟ್ಟಿಯನ್ನು ಬಿಗಿದು ಕಟ್ಟುವುದು ಇನ್ನೊಂದು ತಪ್ಪು. ಕಾರ್ಪಲ್ ಟನಲ್ ತೊಂದರೆ ಇರುವವರು ಪಟ್ಟಿಯೇ ಇಲ್ಲದ, ಎಳೆದು ತೊಡುವ ಬಗೆ ಆರಿಸಿಕೊಳ್ಳಿ.

ಮೆತ್ತೆಯ ದಪ್ಪ 2ರಿಂದ 4 ಮಿ.ಮೀ. ಇದ್ದರೆ ಸಾಕು. 5 ದಾಟಿದರೆ ಹಿಡಿ ದಪ್ಪವಾಗಿ ಬೆರಳು ಇನ್ನಷ್ಟು ಬಿಗಿ ಹಿಡಿಯುತ್ತದೆ, ಮುಂಗೈ ಸೋಲುತ್ತದೆ. ಜೆಲ್ ಮತ್ತು ಫೋಮ್ ನಡುವೆ ಆರಿಸಬೇಕಾದರೆ ಕೆಲಸ ನೋಡಿ ಆರಿಸಿ. ಜೆಲ್ ಒತ್ತಡವನ್ನು ಅಗಲಕ್ಕೆ ಹಂಚುತ್ತದೆ, ಫೋಮ್ ಸಣ್ಣ ನಡುಕ ಹೀರುತ್ತದೆ. ಫೋಮ್ ನೀರನ್ನೂ ಹೀರುತ್ತದೆ ಎನ್ನುವುದೇ ಇಲ್ಲಿಯ ತಕರಾರು. ಆಗುಂಬೆ, ಹುಲಿಕಲ್ ಕಡೆಯ ಮಳೆಯಲ್ಲಿ ಒಂದು ಗಂಟೆ ನೆನೆದ ಫೋಮ್ ಗ್ಲೌಸ್ ಹಿಂಡಿದರೆ ಲೋಟ ನೀರು; ಅಂಗೈ ಚರ್ಮ ಬೆಳ್ಳಗೆ ಸುಕ್ಕಾಗಿ ಉಜ್ಜಿ ಕಿತ್ತುಬರುತ್ತದೆ. ಮಳೆಗಾಲಕ್ಕೆ ತೆಳು ಜೆಲ್, ಬೇಗ ಒಣಗುವ ಬಟ್ಟೆ. ಬೇಸಿಗೆಗೆ ಯಾವುದಾದರೂ ಆದೀತು.

ಎರಡು ಜೊತೆ ಇಟ್ಟುಕೊಳ್ಳುವುದು ಶೋಕಿಯಲ್ಲ. ಆಷಾಢದಲ್ಲಿ ಒಂದು ಜೊತೆ ಒಣಗುವುದರೊಳಗೆ ಬೂಷ್ಟು ಹಿಡಿದಿರುತ್ತದೆ. ಸವಾರಿ ಮುಗಿದ ಕೂಡಲೇ ವೆಲ್ಕ್ರೊ ಮುಚ್ಚಿ, ಮೆತುಸೋಪಿನ ನೀರಲ್ಲಿ ಹಿಸುಕಿ ತೊಳೆದು, ಹಿಂಡದೆ, ಒಣ ಟವೆಲಿನಲ್ಲಿ ಸುತ್ತಿ ಒತ್ತಿ ಫ್ಯಾನಿನ ಕೆಳಗೆ ಹರವಿ. ಮನೆಯಲ್ಲಿ ಎಲ್ಲವನ್ನೂ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕುವ ರೂಢಿ ಇದೆ, ಗ್ಲೌಸನ್ನು ಮಾತ್ರ ಹಾಕಬೇಡಿ. ಆ ಕಾವಿಗೆ ಅಂಟು ಬಿಟ್ಟು ಜೆಲ್ ಒಳಗೊಳಗೇ ಒಂದು ಮೂಲೆಗೆ ಸರಿದುಕೊಳ್ಳುತ್ತದೆ. ಬೆರಳಲ್ಲಿ ಒತ್ತಿದಾಗ ಮೆತ್ತೆ ಮತ್ತೆ ಉಬ್ಬದಿದ್ದರೆ ಆ ಗ್ಲೌಸಿನ ಕಥೆ ಮುಗಿಯಿತು.

ಬಾರ್ ಟೇಪ್: ಒಳ್ಳೆಯದೇ, ಆದರೆ ನೋವಿರುವ ಕಡೆ ತಲುಪುವುದಿಲ್ಲ

ದಪ್ಪ ಟೇಪಿನ ಜಾಹೀರಾತು ಹೇಳದ ಒಂದು ಮಾತಿದೆ. ಟೇಪ್ ಸುತ್ತುವುದು ಹ್ಯಾಂಡಲಿಗೆ, ಹುಡ್‌ಗಲ್ಲ. ಹೆಚ್ಚಿನವರು ಹೆಚ್ಚು ಹೊತ್ತು ಹಿಡಿಯುವುದು ಹುಡ್. ಆದ್ದರಿಂದ ಸಾಗರದ ದಾರಿಯಲ್ಲಿ 70 ಕಿ.ಮೀ. ಉದ್ದಕ್ಕೂ ಹುಡ್ ಬಿಡದವರಿಗೆ ದುಬಾರಿ ಟೇಪಿನಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಏರಿನಲ್ಲಿ ಅಡ್ಡಬಾರ್, ಇಳಿಜಾರಿನಲ್ಲಿ ಕೆಳಬಾಗು ಹಿಡಿಯುವ ರೂಢಿ ಇದ್ದವರಿಗೆ ನಿಜಕ್ಕೂ ಗೊತ್ತಾಗುವಷ್ಟು ಸುಖ.

ಲಿಜರ್ಡ್ ಸ್ಕಿನ್ಸ್ ಕಂಪನಿಯ ಡಿಎಸ್‌ಪಿ ಟೇಪ್ 1.8, 2.5, 3.2 ಮಿ.ಮೀ. ದಪ್ಪಗಳಲ್ಲಿ ಸಿಗುತ್ತದೆ. ಚಿಕ್ಕ ಕೈಯವರಿಗೆ 2.5, ದೊಡ್ಡ ಕೈಯವರಿಗೆ 3.2 ಎಂಬುದು ನಮ್ಮ ಶಿಫಾರಸು. ಹೊರಮೈ ಅಂಟಂಟಾಗಿರುವುದರಿಂದ ಒದ್ದೆ ಕೈಯಲ್ಲೂ ಹಿಡಿತ ಸಿಗುತ್ತದೆ. ಜಾರುವ ಹಿಡಿಯನ್ನೇ ನಾವು ಹಿಂಡಿ ಹಿಡಿಯುವುದು, ಹಾಗಾಗಿ ಮಳೆಯ ಊರಿನಲ್ಲಿ ಹಿಡಿತವೂ ನೋವಿನ ಮದ್ದೇ. ಕಾರ್ಕ್ ಬಗೆಯ ಸಾದಾ ಟೇಪ್ ಬೆಲೆಗೆ ಮೋಸವಿಲ್ಲ, ಕೈಗೂ ಹಿತ. ಆದರೆ ಒದ್ದೆಯಾದರೆ ಒಣಗಲು ನಿಧಾನ, ಎಳೆದರೆ ಹರಿಯುತ್ತದೆ. ಇಲ್ಲಿಯ ಒಂದು ಮಳೆಗಾಲಕ್ಕೆ ಒಂದು ಜೊತೆ ಎಂದು ಲೆಕ್ಕ ಹಾಕಿಕೊಳ್ಳಿ.

ಟೇಪಿನಡಿ ಇಡುವ ಜೆಲ್ ಪಟ್ಟಿಗಳಿಗೆ ಒಂದೇ ಒಂದು ಜಾಗದಲ್ಲಿ ದುಡ್ಡಿಗೆ ಬೆಲೆ ಇದೆ: ವಿಭೂತಿ ಪರೀಕ್ಷೆಯಲ್ಲಿ ದಟ್ಟ ಬಿಳಿ ಬಿದ್ದ ಹುಡ್ ಹಿಂದಿನ ಹಳ್ಳ. ಪಟ್ಟಿಯಿಂದ ನಾಲ್ಕು ಸೆಂಟಿಮೀಟರ್ ತುಂಡು ಕತ್ತರಿಸಿ, ಎರಡೂ ತುದಿಯನ್ನು ಓರೆಯಾಗಿ ತೆಳುಮಾಡಿ, ಹಳ್ಳದ ಮೇಲ್ಮೈಯಲ್ಲಿ ಇನ್ಸುಲೇಷನ್ ಟೇಪಿನಿಂದ ಒಂದು ಸುತ್ತು ಹಿಡಿಸಿ. ಓರೆ ಮಾಡದೆ ಹಾಗೇ ಇಟ್ಟರೆ ಹಳೆಯ ಅಂಚು ಹೋಗಿ ಹೊಸ ಅಂಚು ಬಂದಂತೆ.

ಸುತ್ತುವ ಮೊದಲು ಹುಡ್ ರಬ್ಬರನ್ನು ಮುಂದಕ್ಕೆ ಮಡಚಿಡಿ. ಹ್ಯಾಂಡಲ್ ತುದಿಯಿಂದ ಶುರು ಮಾಡಿ, ತುದಿಯಾಚೆ ಅರ್ಧ ಅಗಲ ಬಿಟ್ಟು (ಪ್ಲಗ್ ಒಳಗೆ ತುರುಕಲು), ಮೇಲ್ಭಾಗದಲ್ಲಿ ಒಳಗಿನಿಂದ ಹೊರಕ್ಕೆ ಬರುವ ದಿಕ್ಕಿಗೆ ಸುತ್ತುತ್ತಾ ಹೋಗಿ. ಸವಾರಿಯಲ್ಲಿ ಕೈ ಅದೇ ದಿಕ್ಕಿಗೆ ತಿರುಚುವುದರಿಂದ ಟೇಪ್ ಬಿಗಿಯುತ್ತದೆ, ಉಲ್ಟಾ ಸುತ್ತಿದರೆ ಸಡಿಲವಾಗುತ್ತದೆ. ಒಂದರ ಮೇಲೊಂದು ಮೂರನೇ ಒಂದು ಭಾಗ ಹತ್ತಬೇಕು. ಹೊರಬಾಗಿನಲ್ಲಿ ಸಂದು ಬೀಳದಂತೆ ಅಲ್ಲಿ ತುಸು ಹೆಚ್ಚು ಹತ್ತಿಸಿ. ಎಳೆತ ಒಂದೇ ಸಮ ಇರಲಿ. ದಪ್ಪ ಟೇಪನ್ನು ಜೋರಾಗಿ ಎಳೆದರೆ ತೆಳ್ಳಗಾಗಿ ಕೊಟ್ಟ ದುಡ್ಡು ಅಲ್ಲೇ ಹೋಗುತ್ತದೆ. ಹ್ಯಾಂಡಲ್ ಕೊಳವೆಯ ದಪ್ಪ ಸುಮಾರು 24 ಮಿ.ಮೀ.; 3.2 ಟೇಪ್ ಒಂದು ಸುತ್ತಿಗೆ ಅದು 30ಕ್ಕೆ ಹೋಗುತ್ತದೆ, ಹತ್ತಿದ ಕಡೆ ಇನ್ನೂ ಹೆಚ್ಚು. ಪ್ಯಾರಿಸ್–ರೂಬೆ ಪಂದ್ಯದ ಕಲ್ಲುಹಾಸಿನ ಮೇಲೆ ಓಡಿಸುವವರು ಎರಡು ಪದರ ಸುತ್ತಿಕೊಳ್ಳುತ್ತಾರೆ ಎಂದು ನಾವೂ ಸುತ್ತಿದರೆ, ಹೆಬ್ಬೆರಳಿಗೂ ನಡುಬೆರಳಿಗೂ ಭೇಟಿಯೇ ಆಗದೆ ಹೋಗಬಹುದು. ಬೇಕೇ ಬೇಕೆಂದರೆ ಹಳೆಯ ಟೇಪನ್ನು ಅಡ್ಡಬಾರಿನ ಮೇಲೆ ಮಾತ್ರ ಉಳಿಸಿ ಅದರ ಮೇಲೆ ಹೊಸದು ಸುತ್ತಿ.

ಸಸ್ಪೆನ್ಷನ್ ಸ್ಟೆಮ್

ಹೆಸರಾಗಿರುವುದು ರೆಡ್‌ಶಿಫ್ಟ್ ಕಂಪನಿಯ ಶಾಕ್‌ಸ್ಟಾಪ್. ಸ್ಟೆಮ್ಮಿನೊಳಗೆ ಒಂದು ಕೀಲು, ಅದರ ಬೆನ್ನಿಗೆ ರಬ್ಬರಿನಂಥ ಇಲಾಸ್ಟೋಮರ್ ತುಂಡುಗಳು. ಹ್ಯಾಂಡಲ್ 20 ಮಿ.ಮೀ.ವರೆಗೆ ಕೆಳಕ್ಕೆ ಬಗ್ಗಿ ವಾಪಸ್ಸು ಬರುತ್ತದೆ. ಬೇರೆ ಬೇರೆ ಗಡಸುತನದ ತುಂಡುಗಳು ಜೊತೆಗೇ ಬರುತ್ತವೆ, ಮೈತೂಕ ನೋಡಿ ಕಂಪನಿಯ ಪಟ್ಟಿಯಂತೆ ಹಾಕಬೇಕು. ಮೆದುವಾದದ್ದು ಹಾಕಿದರೆ ಎದ್ದು ನಿಂತು ತುಳಿಯುವಾಗ ಹ್ಯಾಂಡಲ್ ತೂಗುತ್ತದೆ, ಗಡುಸಾದದ್ದು ಹಾಕಿದರೆ ಮಾಮೂಲಿ ಸ್ಟೆಮ್ಮಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಸುಮ್ಮನೆ ಕೂತಾಗಲೂ ಭಾರಕ್ಕೆ ತುಸು ತಗ್ಗುವುದರಿಂದ, ಅಳೆಯುವಾಗ ಕೆಲವು ಮಿ.ಮೀ. ಎತ್ತರವೇ ಇಟ್ಟುಕೊಳ್ಳಿ. ಊರು ಊರಿಗೂ ಇರುವ ಹಂಪು, ಹೆದ್ದಾರಿಯ ಬಿಳಿಪಟ್ಟಿ ಸಾಲು, ಸೇತುವೆಯ ಸಂದು, ಇಂಥ ಪೆಟ್ಟುಗಳನ್ನು ಇದು ಚೆನ್ನಾಗಿ ನುಂಗುತ್ತದೆ. ಬೆಲೆ ಹತ್ತು ಸಾವಿರಕ್ಕೂ ಮೇಲೆ. ಸೀಟು, ಹುಡ್ ಸರಿಮಾಡಿ, ಟೈರ್ ಅಗಲ ಮಾಡಿ, ಇನ್ನು ಫೋರ್ಕಿನಲ್ಲಿ ಜಾಗವೇ ಇಲ್ಲ ಎಂಬ 25 ಮಿ.ಮೀ. ಸೈಕಲಿನವರು, ಮಣಿಕಟ್ಟು ಹಿಂದೆ ಮುರಿದುಕೊಂಡವರು, ಸಂಧಿವಾತ ಇರುವವರು, ಇವರಿಗೆ ಕೊಟ್ಟ ದುಡ್ಡು ವಸೂಲಿ. ಉಳಿದವರಿಗೆ ಅದೇ ಹಣದಲ್ಲಿ ಎರಡು ಒಳ್ಳೆಯ ಟೈರು, ಎರಡು ಜೊತೆ ಗ್ಲೌಸು, ಒಂದು ಟೇಪು ಬಂದು ಮೇಲೆ ಕಾಫಿಗೂ ಉಳಿಯುತ್ತದೆ. ಕೊಂಡವರು ಮಳೆಗಾಲ ಮುಗಿದ ಮೇಲೊಮ್ಮೆ ಹ್ಯಾಂಡಲನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಕೀಲಿಗೆ ಕೆಸರು ಹೊಕ್ಕಿದ್ದರೆ ಕಿರುಗುಟ್ಟುತ್ತದೆ.

ಬೆಂಗಳೂರಿಗೆ ಹೋಗಿ ಬೈಕ್ ಫಿಟ್, ಅಂದರೆ ಮೈಯಳತೆಗೆ ಸೈಕಲ್ ಹೊಂದಿಸುವ ಕೆಲಸ, ಮಾಡಿಸಿಕೊಂಡು ಬರುವವರೂ ಇದ್ದಾರೆ. ಒಳ್ಳೆಯ ಫಿಟ್ಟರ್ ಹ್ಯಾಂಡಲ್ ಮುಟ್ಟುವ ಮೊದಲು ಹಳೆಯ ಗಾಯ ಕೇಳುತ್ತಾರೆ, ಸೊಂಟ ಎಷ್ಟು ಬಗ್ಗುತ್ತದೆ ನೋಡುತ್ತಾರೆ, ಸೀಟಿನಿಂದ ಶುರು ಮಾಡುತ್ತಾರೆ, ಕೊನೆಗೆ ಮೊದಲಿನ ಮತ್ತು ಆಮೇಲಿನ ಅಳತೆ ಎರಡನ್ನೂ ಬರೆದುಕೊಡುತ್ತಾರೆ. ಕೂತ ಹತ್ತು ನಿಮಿಷಕ್ಕೆ ಹೊಸ ಸ್ಟೆಮ್ ತೋರಿಸಿದರೆ ಎದ್ದು ಬನ್ನಿ.

ಇಷ್ಟರಲ್ಲಿ ಯಾವುದೂ ಮದ್ದಲ್ಲದ ಸ್ಥಿತಿ ಒಂದಿದೆ. ಸವಾರಿ ನಿಲ್ಲಿಸಿದ ಕೆಲವು ನಿಮಿಷಕ್ಕೆ, ಹೆಚ್ಚೆಂದರೆ ಅಂದು ಸಂಜೆಯೊಳಗೆ ಹೋಗುವ ಜೋಮು ಸಾಮಾನ್ಯ. ಎರಡು ದಿನವಾದರೂ ಹೋಗದಿದ್ದರೆ, ರಾತ್ರಿ ನಿದ್ದೆಯಲ್ಲಿ ಎಬ್ಬಿಸಿದರೆ, ಅಂಗಿ ಗುಂಡಿ ಹಾಕಲು, ಬೀಗ ತಿರುಗಿಸಲು ಬೆರಳು ಕೇಳದಿದ್ದರೆ ಸೈಕಲ್ ಬಿಟ್ಟು ಮೂಳೆ ಅಥವಾ ನರರೋಗ ವೈದ್ಯರ ಹತ್ತಿರ ಹೋಗಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಿ12 ಕೊರತೆಯಿಂದಲೂ ಕೈ ಜೋಮು ಹಿಡಿಯುತ್ತದೆ, ಆ ರಕ್ತಪರೀಕ್ಷೆ ಮೊದಲೇ ಮಾಡಿಸಿಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ. ಮನೆಯಲ್ಲೇ ನೋಡಿಕೊಳ್ಳಲು: ದಿನಪತ್ರಿಕೆಯ ತುಂಡೊಂದನ್ನು ಹೆಬ್ಬೆರಳಿಗೂ ತೋರುಬೆರಳಿನ ಪಕ್ಕಕ್ಕೂ ನಡುವೆ, ಹೆಬ್ಬೆರಳು ನೇರವಾಗಿಟ್ಟು ಅದುಮಿ ಹಿಡಿಯಿರಿ. ಇನ್ನೊಬ್ಬರು ಎಳೆಯಲಿ. ಕಾಗದ ಉಳಿಸಿಕೊಳ್ಳಲು ಹೆಬ್ಬೆರಳಿನ ತುದಿಗೆಣ್ಣು ತಾನಾಗಿ ಮಡಚಿಕೊಂಡರೆ ಅಲ್ನಾರ್ ನರ ಕೆಲಸ ಕೊಡುವ ಸ್ನಾಯು ಸೋತಿದೆ. ಅಂದಿನಿಂದಲೇ ಸವಾರಿ ಬಂದ್ ಮಾಡಿ ಅದೇ ವಾರ ತೋರಿಸಿಕೊಳ್ಳಿ.